ತಿಂಗಳಿಗೊಂದು ಸಲ ಹೊಡೆಯುವವನಿಗೆ ಓವರ್-ಅಂಡರ್ ಬಂದೂಕು ಯಾವುದು ತಗೊಳ್ಳಲಿ?

ಗೊಬ್ಬರದಂಗಡಿ, ಸಿಂಧನೂರು

ಎಲ್ಲರಿಗೂ ನಮಸ್ಕಾರ. ಸಿಂಧನೂರಿನಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದೇನೆ. ವಯಸ್ಸು 41. ಪ್ರಶ್ನೆ ಬಂದೂಕಿನದು. ಗಾಬರಿಯಾಗಬೇಡಿ, ಉದ್ರಿ ವಸೂಲಿಗಲ್ಲ.

ಹೋದ ತಿಂಗಳು ಡೀಲರ್ ಮೀಟಿಂಗ್ ಅಂತ ಹೈದರಾಬಾದಿಗೆ ಹೋಗಿದ್ದೆ. ಮರುದಿನ ಭಾನುವಾರ. ನಮ್ಮ ಸೋದರಮಾವನ ಮಗ ಅಲ್ಲೇ ಕೆಲಸದಲ್ಲಿದ್ದಾನೆ, ಒಂದು ಶೂಟಿಂಗ್ ಕ್ಲಬ್ಬಿನ ಸದಸ್ಯ. "ಬಾ ಭಾವ, ಒಂದು ಆಟ ತೋರಿಸ್ತೀನಿ" ಅಂದ. ಆಧಾರ್ ತೋರಿಸಿ, ಹೆಸರು ಬರೆಸಿ, ಅರ್ಧ ತಾಸು ಪಾಠ ಹೇಳಿಸಿಕೊಂಡ ಮೇಲೆ ಕೋಚ್ ನನ್ನ ಕೈಗೆ ಬೆರೆಟಾ ಕಂಪನಿಯ ಬಂದೂಕೊಂದು ಕೊಟ್ಟರು. ನಳಿಗೆ ಒಂದರ ಮೇಲೊಂದು, ಇದಕ್ಕೇ ಓವರ್-ಅಂಡರ್ ಅಂತಾರೆ. ಅಲ್ಲಿಯವರೆಗೆ ನಾನು ನೋಡಿದ್ದೆಲ್ಲ ಪಕ್ಕ-ಪಕ್ಕ ನಳಿಗೆಯ ಬಂದೂಕೇ.

ಆಟದ ಹೆಸರು ಟ್ರ್ಯಾಪ್, ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮುಂದೆ ನೆಲದೊಳಗೆ ಒಂದು ತೋಡು. ಅದರಲ್ಲಿ ಮಷಿನ್. ನೀವು "ಪುಲ್" ಅಂತ ಕೂಗಿದ ಕೂಡಲೇ ಕೇಸರಿ ಬಣ್ಣದ ಬಿಲ್ಲೆಯೊಂದು ಹಾರುತ್ತದೆ. ಅಂಗೈಗಿಂತ ಸ್ವಲ್ಪ ಅಗಲ. ಎಡಕ್ಕೋ ಬಲಕ್ಕೋ ನೇರಕ್ಕೋ, ಮೊದಲೇ ಗೊತ್ತಾಗುವುದಿಲ್ಲ. ಒಂದು ರೌಂಡಿಗೆ 25 ಬಿಲ್ಲೆ. ಮೊದಲ ಎಂಟು ಹಾಗೇ ಆರಾಮಾಗಿ ಹಾರಿಕೊಂಡು ಹೋದವು. ಒಂಬತ್ತನೆಯದು ಒಡೆಯಿತು. ಹಪ್ಪಳ ಹಿಂಡಿದ ಹಾಗೆ. ಕಪ್ಪು ಪುಡಿ ಗಾಳಿಯಲ್ಲಿ ಒಂದು ಗಳಿಗೆ ಹಾಗೇ ನಿಂತಿತ್ತು. ಅಷ್ಟೇ ನೋಡಿ. ಅವತ್ತಿನಿಂದ ಅಂಗಡಿಯಲ್ಲಿ ಯೂರಿಯಾ ಚೀಟಿ ಬರೆಯುವಾಗಲೂ ಅದೇ ಪುಡಿ ಕಣ್ಣ ಮುಂದೆ. ಒಟ್ಟು ಎಷ್ಟು ಹೊಡೆದೆ ಅಂತ ಕೇಳಬೇಡಿ. ಕೇಳಿಯೇ ಕೇಳುತ್ತೀರಿ: ಮೊದಲ ರೌಂಡಿನಲ್ಲಿ ಮೂರು, ಎರಡನೆಯದರಲ್ಲಿ ಆರು.

ಈಗ ನನಗೂ ಒಂದು ಬೇಕು. ತಿಂಗಳಿಗೊಮ್ಮೆ, ಹೆಚ್ಚೆಂದರೆ ಎರಡು ಸಲ ಹೋಗಬಹುದು. ಸ್ಪರ್ಧೆ ಗಿರ್ಧೆ ಏನಿಲ್ಲ. ಬೇಟೆಯ ಆಸೆ ಖಂಡಿತ ಇಲ್ಲ. ಬಜೆಟ್ ಮೂರು ಲಕ್ಷ. ಮನೆಯಲ್ಲಿ ಹೇಳಿರುವುದು ಎರಡು.

ಯೂಟ್ಯೂಬ್‌ನಲ್ಲಿ ಅಮೆರಿಕದವರು ಟರ್ಕಿಯ ಓವರ್-ಅಂಡರ್ ಅಗ್ಗಕ್ಕೆ ಸಿಗುತ್ತದೆ ಅನ್ನುತ್ತಾರೆ. ಅಂಥದ್ದು ತರಿಸಿಕೊಳ್ಳಬಹುದಾ? ಇಲ್ಲಾ ಹಳೆಯದೇ ಹುಡುಕಲಾ? ನಳಿಗೆ ಎಷ್ಟು ಉದ್ದ ಇರಬೇಕು? ನಮ್ಮಪ್ಪನ ಹತ್ತಿರ ಪಕ್ಕ-ಪಕ್ಕ ನಳಿಗೆಯ 12 ಬೋರ್ ಒಂದಿದೆ, 1981ರಲ್ಲಿ ತಗೊಂಡದ್ದು. ಅಪ್ಪನಿಗೆ ಈಗ 74. ಅದು ವರ್ಷಕ್ಕೊಮ್ಮೆ ಆಯುಧಪೂಜೆಗೆ ಹೊರಗೆ ಬಂದು, ಕುಂಕುಮ ಹಚ್ಚಿಸಿಕೊಂಡು, ಮತ್ತೆ ತಿಜೋರಿಗೆ ಹೋಗುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯುತ್ತಿಲ್ಲ.

ತಿಳಿದವರು ಹೇಳ್ರಿ.

ಹೇಮಗುಡ್ಡ

ಅಣ್ಣ, ನಾನು ಗಂಗಾವತಿ ಕಡೆಯವನು. ಬಂದೂಕಿನ ವಿಷಯ ಕಾಕಾ ಬಂದು ಹೇಳುತ್ತಾರೆ, ಅವರು ಈ ಪ್ರಶ್ನೆ ಬಿಡುವ ಪೈಕಿ ಅಲ್ಲ. ನನ್ನದು ಎರಡೇ ಮಾತು.

ಒಂದು. ಬಂದೂಕು ಬಂದ ಮೇಲೆ ಹೊಲದಲ್ಲೇ ಬಿಲ್ಲೆ ಎಸೆದು ಹೊಡೆಯೋಣ ಅನ್ನಿಸುತ್ತದೆ. ಬೇಡ. ಬಿಲ್ಲೆಗೆ ಹೊಡೆಯುವ ಸಣ್ಣ ಚರೆ ಕೂಡ ಇನ್ನೂರು ಮೀಟರ್ ಹತ್ತಿರ ಹೋಗಿ ಬೀಳುತ್ತದೆ. ನಿಮ್ಮ ಕಡೆ ಇನ್ನೂರು ಮೀಟರ್ ಅಂದರೆ ಮೂರು ಜನರ ಗದ್ದೆ, ಅದರಲ್ಲಿ ನಾಟಿ ಹಚ್ಚುತ್ತಿರುವ ಹತ್ತು ಹೆಣ್ಣಾಳು. ನಮ್ಮ ಕಡೆಯಂತೂ ಗುಡ್ಡದಲ್ಲಿ ಕರಡಿ, ಚಿರತೆ ಇವೆ. ಬಂದೂಕಿನ ಸದ್ದು ಕೇಳಿದರೆ ಅರಣ್ಯದವರು ಮೊದಲು ಬರುತ್ತಾರೆ, ಪ್ರಶ್ನೆ ಆಮೇಲೆ. 1972ರ ವನ್ಯಜೀವಿ ಕಾಯ್ದೆ ಸುಮ್ನೆ ಅಲ್ಲ.

ಎರಡು. ಬಂದೂಕು ಮನೆಗೆ ಬಂದ ಸುದ್ದಿ ಊರಲ್ಲಿ ಹಬ್ಬಿದ ವಾರಕ್ಕೇ ಯಾರಾದರೂ "ನಮ್ಮ ಹುಡುಗನ ಮದುವೆ ಮೆರವಣಿಗೆಗೆ ಎರಡು ಈಡು ಹಾರಿಸಿಬಿಡಿ" ಅಂತ ಬರುತ್ತಾರೆ. ನಮ್ಮ ದೊಡ್ಡಪ್ಪನಿಗೆ ಹೀಗೆ ಕೇಳಿದವರು ಬೇರೆ ಯಾರೂ ಅಲ್ಲ, ಸ್ವಂತ ಬೀಗರು. ಇಲ್ಲ ಅಂದದ್ದಕ್ಕೆ ಒಂದು ವರ್ಷ ಮಾತು ಬಿಟ್ಟಿದ್ದರು. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಖುಷಿಗೆ ಗುಂಡು ಹಾರಿಸುವುದಕ್ಕೂ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಬೀಗರು ಬಂದು ಕಟ್ಟುವುದಿಲ್ಲ.

ಗುರಿ ಹೊಡೆಯುವ ಚಪಲ ಅಷ್ಟೇ ಆದರೆ 4.5 ಮಿಲಿಮೀಟರ್ ಏರ್ ರೈಫಲ್ ತಗೊಳ್ಳಿ. 20 ಜೂಲ್ ದಾಟದಿದ್ದರೆ ಲೈಸೆನ್ಸ್ ಬೇಡ. ಹಿತ್ತಲಲ್ಲಿ ಗೋಡೆಗೆ ಮರಳು ಚೀಲ ಪೇರಿಸಿ ಹತ್ತು ಮೀಟರಿನಿಂದ ಹೊಡೆಯಬಹುದು. ಬಿಲ್ಲೆ ಒಡೆಯುವ ಮಜಾ ಇಲ್ಲ, ಒಪ್ಪಿದೆ.

ಕೌಲ್ ಬಜಾರ್ ಕಾಕಾ

ಹೇಮಗುಡ್ಡ ನನ್ನ ಹೆಸರು ಹೇಳಿ ಕರೆದ ಮೇಲೆ ಬರದೇ ಇರೋಕಾಗುತ್ತಾ. ಬಳ್ಳಾರಿಯವನು, ಗಣಿ ಸರ್ವೆ ಕೆಲಸ ಮಾಡಿ ನಿವೃತ್ತ. 12 ಬೋರ್ ಲೈಸೆನ್ಸ್ ನನ್ನ ಹತ್ತಿರ 1994ರಿಂದ ಇದೆ. ಉದ್ದ ಬರೆಯುತ್ತೇನೆ, ಚಹಾ ಇಟ್ಟುಕೊಂಡು ಓದು ತಮ್ಮ.

ಮೊದಲು ಯೂಟ್ಯೂಬ್ ಬಂದ್ ಮಾಡು. ಅಲ್ಲಿಯ ಡಾಲರನ್ನು ರೂಪಾಯಿಗೆ ಗುಣಿಸಿ ಕೂತರೆ ಬರೀ ಸಂಕಟ. ನಮ್ಮ-ನಿಮ್ಮಂಥ ಸಾಮಾನ್ಯ ಲೈಸೆನ್ಸುದಾರರಿಗೆ ವಿದೇಶದಿಂದ ಹೊಸ ಬಂದೂಕು ತರಿಸಿಕೊಳ್ಳುವ ದಾರಿ 1980ರ ದಶಕದಲ್ಲೇ ಮುಚ್ಚಿತು. ಸ್ಪರ್ಧೆಯಲ್ಲಿ ಹೆಸರು ಮಾಡಿದ ಶೂಟರ್‌ಗಳಿಗೆ ಮಾತ್ರ ಅವಕಾಶ. ಹಾಗಾಗಿ ಇಲ್ಲಿ ಓಡಾಡುವ ವಿದೇಶಿ ಬಂದೂಕೆಲ್ಲ ಅದಕ್ಕೂ ಮೊದಲು ಬಂದದ್ದು, ಇಲ್ಲಾ ಶೂಟರ್‌ಗಳು ತಂದದ್ದು. ಮಾಲು ಕಡಿಮೆ, ಕೇಳುವವರು ಜಾಸ್ತಿ. ಅಲ್ಲಿ ಅಗ್ಗದ ಬಂದೂಕು ಅನ್ನಿಸಿಕೊಂಡದ್ದು ಇಲ್ಲಿ ಮದುಮಗನ ಹಾಗೆ ಬೆಲೆ ಕೇಳುತ್ತದೆ.

ಇನ್ನು ನೀನು ಕೇಳದೇ ಇರುವ ಪ್ರಶ್ನೆ. ಕಾಡತೂಸು ಎಲ್ಲಿಂದ ತರುತ್ತೀ? ಲೈಸೆನ್ಸ್ ಪುಸ್ತಕದಲ್ಲಿ ಒಂದು ಸಲಕ್ಕೆ ಎಷ್ಟು, ವರ್ಷಕ್ಕೆ ಎಷ್ಟು ಅಂತ ಬರೆದಿರುತ್ತಾರೆ. ನನ್ನದರಲ್ಲಿ ವರ್ಷಕ್ಕೆ ನೂರು. ನಾಲ್ಕು ರೌಂಡ್ ಅಂದರೆ ನೂರು ಬಿಲ್ಲೆ. ಟ್ರ್ಯಾಪ್‌ನಲ್ಲಿ ಮೊದಲನೆಯದು ತಪ್ಪಿದರೆ ಎರಡನೇ ನಳಿಗೆಯೂ ಹಾರಿಸಬಹುದು. ನಿನ್ನ ಲೆಕ್ಕ ನೋಡಿದರೆ ಎರಡನೆಯದನ್ನು ನೀನು ಬಿಡುವುದಿಲ್ಲ. ಅಂದರೆ ನನ್ನ ಇಡೀ ವರ್ಷದ ಕಾಡತೂಸು ನಿನಗೆ ಒಂದು ಭಾನುವಾರದ ಮಧ್ಯಾಹ್ನದ ಊಟದವರೆಗೂ ಸಾಲದು. ಒಂದಕ್ಕೆ ನೂರು ರೂಪಾಯಿ ಅಂತ ಹಿಡಿದರೂ ನೂರಕ್ಕೆ ಹತ್ತು ಸಾವಿರ. ಬಂದೂಕು ಒಂದು ಸಲದ ಖರ್ಚು, ಕಾಡತೂಸು ಎಮ್ಮೆಗೆ ಹಿಂಡಿ ಇದ್ದ ಹಾಗೆ. ಅದಕ್ಕೇ ಕ್ಲಬ್ಬಿನ ಸದಸ್ಯನಾಗು. ಕ್ಲಬ್ಬಿನ ಬಂದೂಕು, ಕ್ಲಬ್ಬಿನ ಕಾಡತೂಸು, ಕೋಚ್ ಪಕ್ಕದಲ್ಲಿ. ಆರು ತಿಂಗಳು ಹಾಗೆ ಹೊಡೆ. ಆಮೇಲೂ ಚಪಲ ಇದ್ದರೆ ಕೊಳ್ಳುವ ಮಾತು.

ಕೊಳ್ಳುವುದಾದರೆ ಯಾವುದು? ನನ್ನ ಹತ್ತಿರ ಇರುವುದು ಬೈಕಾಲ್ ಐಝ್-27. ರಷ್ಯಾದ ಇಝೆವ್ಸ್ಕ್‌ನಲ್ಲಿ ಮಾಡಿದ್ದು, ನನ್ನ ಕೈಗೆ ಬರುವಾಗಲೇ ಸೆಕೆಂಡ್ ಹ್ಯಾಂಡ್. ಚೆಂದ ಅನ್ನುವ ಹಾಗಿಲ್ಲ. ಎತ್ತಿನ ಗಾಡಿಯ ಅಚ್ಚಿನ ಹಾಗೆ ಗಟ್ಟಿ. ಬೆರೆಟಾ ಹಿಡಿದವನಿಗೆ ಒರಟು ಅನ್ನಿಸುತ್ತದೆ, ಆದರೆ ಬಿಲ್ಲೆಗೆ ಅದೆಲ್ಲ ಗೊತ್ತಾಗುವುದಿಲ್ಲ. ಅಂಥದ್ದು ಕಾಗದ-ಪತ್ರ ಸರಿಯಾಗಿ ಸಿಕ್ಕರೆ ಬಿಡಬೇಡ. ನಳಿಗೆ 28 ಇಂಚಿನಿಂದ 30ರ ಒಳಗೆ ಇರಲಿ. ಅದಕ್ಕಿಂತ ಗಿಡ್ಡ ಆದರೆ ಬೀಸುವಾಗ ಕೈ ಮಧ್ಯದಲ್ಲೇ ನಿಂತುಬಿಡುತ್ತದೆ, ಬಿಲ್ಲೆಯ ಹಿಂದೆ ಹೊಡೆಯುತ್ತೀ. ತೂಕ ಮೂರೂಕಾಲು ಮೂರೂವರೆ ಕಿಲೋ. ಹಗುರ ಬಂದೂಕು ಅಂಗಡಿಯಲ್ಲಿ ಹಿತ, ಐವತ್ತನೇ ಕಾಡತೂಸಿನ ಹೊತ್ತಿಗೆ ಭುಜ ಬಯ್ಯುತ್ತದೆ. ಮೇಲೆ-ಕೆಳಗೆ ನಳಿಗೆಯಲ್ಲಿ ಮೊದಲು ಕೆಳಗಿನದನ್ನು ಹಾರಿಸಿದರೆ ಒದೆತ ನೇರ ಭುಜಕ್ಕೆ ಬರುತ್ತದೆ, ಮೂತಿ ಮೇಲಕ್ಕೆ ಜಾಸ್ತಿ ಹಾರುವುದಿಲ್ಲ. ಎರಡನೇ ಗುಂಡಿಗೆ ಅದು ದೊಡ್ಡ ಅನುಕೂಲ. ಕಣ್ಣಿಗೂ ಒಂದೇ ನಳಿಗೆ ಕಾಣುತ್ತದೆ.

ಹಳೆಯದನ್ನು ನೋಡುವ ಬಗೆ ಹೇಳುತ್ತೇನೆ. ಖಾಲಿ ಇದೆಯಾ ಅಂತ ಮೊದಲು ಮುರಿದು, ಅಂದರೆ ನಳಿಗೆ ಬಗ್ಗಿಸಿ ತೆರೆದು, ನೋಡು. ಮಾರುವವನು ನೋಡಿದ್ದರೂ ನೀನು ನೋಡು. ಆಮೇಲೆ ಮುಚ್ಚಿ, ಬಂದೂಕು ತೆರೆಯುವ ಮೇಲಿನ ಲಿವರ್ ಎಲ್ಲಿ ನಿಲ್ಲುತ್ತದೆ ನೋಡು. ಸ್ವಲ್ಪ ಬಲಕ್ಕಿದ್ದರೆ ಇನ್ನೂ ಸವೆದಿಲ್ಲ. ನಟ್ಟನಡುವೆ ಇದ್ದರೆ ದುಡಿದಿದೆ. ಎಡಕ್ಕೆ ದಾಟಿದ್ದರೆ ನಮಸ್ಕಾರ ಹೇಳಿ ಎದ್ದು ಬಾ. ಮುಂದಿನ ಕೈ ಹಿಡಿಯುವ ಕಟ್ಟಿಗೆ ತುಂಡು ಬಿಚ್ಚಿ, ಹಿಂದಿನ ಕಟ್ಟಿಗೆ ಹಿಡಿದು ಅಲ್ಲಾಡಿಸು. ಹಳೇ ಬಾಗಿಲಿನ ಹಾಗೆ ಲಟಲಟ ಅಂದರೆ ಬೇಡ. ನಳಿಗೆ ಬೇರೆ ಮಾಡಿ, ಬೆರಳಿಗೆ ಜೋತುಬಿಟ್ಟು, ಸಂತೆಯಲ್ಲಿ ಮಡಕೆ ತಟ್ಟುವ ಹಾಗೆ ಗೆಣ್ಣಿನಿಂದ ತಟ್ಟು. ಗಂಟೆಯ ಹಾಗೆ ಸ್ವಲ್ಪ ಹೊತ್ತು ಗುಂಯ್ ಅನ್ನಬೇಕು. ಬಿರುಕು ಮಡಕೆಯ ಸದ್ದು ಬಂದರೆ ಎಲ್ಲೋ ಬೆಸುಗೆ ಬಿಟ್ಟಿದೆ. ಕೊನೆಗೆ ನಳಿಗೆಯೊಳಗಿಂದ ಕಿಟಕಿಯ ಕಡೆ ನೋಡು. ಒಳಗಿನ ನೆರಳಿನ ಗೆರೆ ನೆಟ್ಟಗಿರಬೇಕು. ಎಲ್ಲಾದರೂ ಸೊಟ್ಟಗಾದರೆ ಅಲ್ಲಿ ತಗ್ಗು ಬಿದ್ದಿದೆ.

ಇಷ್ಟೆಲ್ಲ ನೋಡಿಯೂ ನಾನು 2003ರಲ್ಲಿ ಮೋಸ ಹೋದೆ. ಹಳೇ ವಿಲಾಯಿತಿ ಜೋಡು ನಳಿಗೆ, ಅಗ್ಗಕ್ಕೆ ಸಿಕ್ಕಿತು. ಲಿವರ್ ಬಲಕ್ಕಿತ್ತು, ನಳಿಗೆ ಗುಂಯ್ ಅಂದಿತು. ಮಾರಿದವನು "ಯಾವ ಕಾಡತೂಸಾದರೂ ನಡೆಯುತ್ತೆ ಸಾಹೇಬ್ರೆ" ಅಂದ. ರೇಂಜಿಗೆ ಹೋಗಿ 70 ಮಿಲಿಮೀಟರಿನ ಕಾಡತೂಸು ಹಾಕಿದೆ. ಸಲೀಸಾಗಿ ಒಳಗೆ ಕೂತಿತು. ಮೊದಲನೆಯದಕ್ಕೇ ಒದೆತ ಜಾಸ್ತಿ ಅನ್ನಿಸಿತು. ನಾಲ್ಕನೆಯದಕ್ಕೆ ಕಣ್ಣಲ್ಲಿ ನೀರು. ಬಂದೂಕು ಮುರಿದರೆ ಖಾಲಿ ಕೊಳವೆ ಹೊರಗೇ ಬರಲಿಲ್ಲ. ಉಗುರು ಹಾಕಿ ಎಳೆದೆ. ಬಾಯಿ ಹರಿದು, ಹಳೇ ಪಟಾಕಿಯ ಹಾಗೆ ಜೂಲುಜೂಲು. ಆ ಬಂದೂಕಿನ ಕೋಣೆ, ಅಂದರೆ ನಳಿಗೆಯಲ್ಲಿ ಕಾಡತೂಸು ಕೂರುವ ಜಾಗ, 65 ಮಿಲಿಮೀಟರಿನದ್ದು.

ಇಲ್ಲೇ ಎಲ್ಲರೂ ಬೀಳುವುದು. ಡಬ್ಬಿಯ ಮೇಲೆ 70 ಅಂತ ಬರೆದದ್ದು ಹಾರಿದ ಮೇಲೆ ಬಾಯಿ ಬಿಚ್ಚಿಕೊಂಡಾಗಿನ ಉದ್ದ. ಹಾರುವ ಮೊದಲು ಬಾಯಿ ಮಡಚಿರುತ್ತದೆ, ಗಿಡ್ಡ ಇರುತ್ತದೆ, 65ರ ಕೋಣೆಯಲ್ಲೂ ಆರಾಮಾಗಿ ಕೂರುತ್ತದೆ. ಹಾರಿದಾಗ ಬಿಚ್ಚಿಕೊಳ್ಳಲು ಜಾಗ ಸಾಲದೆ ನಳಿಗೆಯ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ಒತ್ತಡ ಏರುತ್ತದೆ. "ಒಳಗೆ ಹೋಯ್ತಲ್ಲ" ಅನ್ನುವುದು ಲೆಕ್ಕವೇ ಅಲ್ಲ. ನಳಿಗೆ ಬಿಚ್ಚಿ ಮುದ್ರೆ ಓದಬೇಕು. 65 ಅಥವಾ 2½ ಅಂತ ಇದ್ದರೆ ಅಷ್ಟೇ ಉದ್ದದ್ದು ಹಾಕಬೇಕು. ಗಿಡ್ಡದ್ದನ್ನು ಉದ್ದ ಕೋಣೆಗೆ ಹಾಕಬಹುದು, ಉದ್ದದ್ದನ್ನು ಗಿಡ್ಡ ಕೋಣೆಗೆ ಹಾಕಬಾರದು. ನಳಿಗೆಯ ಮೇಲೆ ಹಾವಿನ ಚರ್ಮದಂಥ ಸುಳಿ-ಸುಳಿ ಗೆರೆ ಇದ್ದರೆ ಅದು ಡಮಾಸ್ಕಸ್, ಕಪ್ಪು ಮದ್ದಿನ ಕಾಲದ್ದು. ಅದಕ್ಕೆ ಈಗಿನ ಕಾಡತೂಸು ಹಾಕಲೇಬೇಡ, ಗೋಡೆಗೆ ತೂಗುಹಾಕು.

ಕೊನೆಯ ಮಾತು ನಿಮ್ಮ ಅಪ್ಪಾಜಿಯದು. "ಲೆಕ್ಕಕ್ಕೆ ಹಿಡಿಯುತ್ತಿಲ್ಲ" ಅಂತ ಬರೆದೆಯಲ್ಲ, ನನಗೆ ಬೇಜಾರಾಯಿತು. ನಿನ್ನ ಮನೆಯಲ್ಲಿ ಇರುವಷ್ಟು ಅಗ್ಗದ ಬಂದೂಕು ಇಡೀ ಜಿಲ್ಲೆಯಲ್ಲಿ ಸಿಗುವುದಿಲ್ಲ. ಲೈಸೆನ್ಸುದಾರರಿಗೆ 70 ದಾಟಿದ್ದರೆ, ಅಥವಾ ಬಂದೂಕು 25 ವರ್ಷ ಅವರ ಹತ್ತಿರ ಇದ್ದರೆ, ಬದುಕಿರುವಾಗಲೇ ವಾರಸುದಾರರಿಗೆ ಕೊಡಲು 2016ರ ಶಸ್ತ್ರಾಸ್ತ್ರ ನಿಯಮದಲ್ಲಿ ಅವಕಾಶ ಇದೆ. ನಿಮ್ಮಲ್ಲಿ ಎರಡೂ ಆಗಿದೆ. ಡಿಸಿ ಕಚೇರಿಯಲ್ಲಿ ಅರ್ಜಿ ಹಾಕು. ಪೊಲೀಸ್ ವರದಿ, ವೈದ್ಯರ ಸರ್ಟಿಫಿಕೇಟು, ಬಂದೂಕು ಸುರಕ್ಷತೆಯ ತರಬೇತಿ ಕಾಗದ, ಎಲ್ಲ ಬೇಕಾಗುತ್ತದೆ. ಈಗ ಒಬ್ಬರಿಗೆ ಎರಡೇ ಬಂದೂಕಿನ ಮಿತಿ. ಅಪ್ಪನದು ಒಂದು, ಮುಂದೆ ಓವರ್-ಅಂಡರ್ ಒಂದು, ಸರಿಹೋಗುತ್ತದೆ. ಪಕ್ಕ-ಪಕ್ಕ ನಳಿಗೆಯಲ್ಲಿ ಬಿಲ್ಲೆ ಒಡೆಯುವುದಿಲ್ಲ ಅಂತ ಯಾರು ಹೇಳಿದ್ದು?

ಸಂಡೂರು ಹುಡುಗ, ಡಲ್ಲಾಸ್

ಕಾಕಾ ಯೂಟ್ಯೂಬ್ ಬಂದ್ ಮಾಡು ಅಂದರು, ನಾನು ಆ ಯೂಟ್ಯೂಬ್ ಊರಿನಲ್ಲೇ ಇದ್ದೇನೆ. ಇಲ್ಲಿಯ ಮಾತು ಹೇಳುತ್ತೇನೆ, ಸುಮ್ನೆ ತಿಳಿದಿರಲಿ.

ಟೆಕ್ಸಾಸ್‌ನಲ್ಲಿ ಶಾಟ್‌ಗನ್‌ಗೆ ಲೈಸೆನ್ಸ್ ಇಲ್ಲ. ಅಂಗಡಿಯಲ್ಲಿ 4473 ಅನ್ನುವ ಫಾರ್ಮ್ ತುಂಬಿದರೆ ಅವರು ನಮ್ಮ ಹಿನ್ನೆಲೆ ಪರೀಕ್ಷೆ ಮಾಡಿ ಕೊಡುತ್ತಾರೆ. ಕಡಿಮೆ ಬೆಲೆಯ ಓವರ್-ಅಂಡರ್ ಅಂದರೆ ಸ್ಟೋಗರ್ ಕಾಂಡೋರ್, ಅದು ಬ್ರೆಜಿಲ್‌ನದು. ಆಮೇಲೆ ಟರ್ಕಿಯವು: ಯಿಲ್ದಿಜ್, ಸಿಝಡ್ ಹೆಸರಿನಲ್ಲಿ ಹುಗ್ಲು ಮಾಡಿಕೊಟ್ಟವು. ಅದರ ಮೇಲೆ ಒಂದು ದೊಡ್ಡ ಮೆಟ್ಟಿಲು, ಅಲ್ಲಿ ಬೆರೆಟಾ ಸಿಲ್ವರ್ ಪಿಜನ್, ಬ್ರೌನಿಂಗ್ ಸಿಟೋರಿ. ಬ್ರೌನಿಂಗ್ ಅಮೆರಿಕದ ಹೆಸರು, ಸಿಟೋರಿ ಮಾಡುವುದು ಜಪಾನಿನ ಮಿರೋಕು. ಇದರ ಅಜ್ಜ ಸೂಪರ್‌ಪೋಸ್ಡ್ ಅಂತ ಒಂದು ಬಂದೂಕು. ಜಾನ್ ಬ್ರೌನಿಂಗ್ ಅದರ ಕೆಲಸ ನಡೆದಿರುವಾಗಲೇ 1926ರಲ್ಲಿ ಬೆಲ್ಜಿಯಂನ ಲಿಯೆಜ್‌ನ ಕಾರ್ಖಾನೆಯಲ್ಲಿ ತೀರಿಕೊಂಡ, ಮಗ ಮುಗಿಸಿದ. ಇವತ್ತಿನ ಎಷ್ಟೋ ಓವರ್-ಅಂಡರ್‌ಗಳಿಗೆ ಅದೇ ದಾರಿ ಮಾಡಿಕೊಟ್ಟದ್ದು.

ನಾನು ಮೊದಲು ತಗೊಂಡದ್ದು ಹೊಸದು, ಅಗ್ಗದ್ದು. ಹೆಸರು ಬೇಡ. ಐದನೇ ವಾರ ರೌಂಡಿನ ನಡುವೆ ಮೇಲಿನ ನಳಿಗೆ ಟಕ್ ಅಂತು, ಹಾರಲಿಲ್ಲ. ನಿಯಮದ ಪ್ರಕಾರ ಮೂತಿ ಮುಂದಕ್ಕೇ ಹಿಡಿದು ಅರ್ಧ ನಿಮಿಷ ಕಾದೆ. ತೆಗೆದು ನೋಡಿದರೆ ಕಾಡತೂಸಿನ ತಳದಲ್ಲಿ ಸೊಳ್ಳೆ ಕಚ್ಚಿದಷ್ಟೇ ಗುರುತು. ಫೈರಿಂಗ್ ಪಿನ್ ತುದಿ ಮುರಿದಿತ್ತು. ಅಂಗಡಿಯವರು ಸರಿ ಮಾಡಿಸಿ ಕೊಟ್ಟರು, ಆದರೆ ಏಳು ವಾರ. ಆಮೇಲೆ ಅದನ್ನು ಮಾರಿ ಹಳೇ ಸಿಟೋರಿ ತಗೊಂಡೆ. ಅದು ನನಗಿಂತ ಎರಡು ವರ್ಷ ದೊಡ್ಡದು. ಇವತ್ತಿಗೂ ನಾನೇ ಮೊದಲು ಸುಸ್ತಾಗುವುದು.

ಒಂದು ವಿಷಯ ಕಾಕಾ ಬಿಟ್ಟರು. ಒಂದೇ ಕುದುರೆ (ಟ್ರಿಗರ್) ಇರುವ ಬಂದೂಕಿನಲ್ಲಿ ಎರಡು ಜಾತಿ ಇವೆ. ಒಂದರಲ್ಲಿ ಮೊದಲ ಗುಂಡಿನ ಒದೆತದಿಂದಲೇ ಕುದುರೆ ಎರಡನೇ ನಳಿಗೆಗೆ ಹಾಯುತ್ತದೆ. ಮೊದಲ ಕಾಡತೂಸು ಠುಸ್ ಅಂದರೆ ಒದೆತ ಇಲ್ಲ, ಎರಡನೆಯದೂ ಹಾರಲ್ಲ. ಇನ್ನೊಂದು ಮೆಕ್ಯಾನಿಕಲ್, ಅದಕ್ಕೆ ಒದೆತ ಬೇಡ. ಬಂದೂಕು ಕೆಟ್ಟಿದೆ ಅಂತ ರಿಪೇರಿಗೆ ಓಡುವ ಮೊದಲು ನಿಮ್ಮದು ಯಾವ ಜಾತಿ ಅಂತ ತಿಳಿದುಕೊಳ್ಳಿ.

ಕೌಲ್ ಬಜಾರ್ ಕಾಕಾ

ಬಿಟ್ಟದ್ದಲ್ಲ ತಮ್ಮ, ನನ್ನದಕ್ಕೆ ಎರಡು ಕುದುರೆ. ಆ ತಲೆನೋವೇ ಇಲ್ಲ.

ಮಾನ್ವಿ ಸ್ಕೀಟ್

ನಾನು ಮಾನ್ವಿಯವಳು, ಹೈದರಾಬಾದಿನಲ್ಲಿ ಓದುತ್ತಿದ್ದೇನೆ. ಎರಡು ವರ್ಷದಿಂದ ಸ್ಕೀಟ್ ಹೊಡೆಯುತ್ತಿದ್ದೇನೆ, ಅದೂ ಬಿಲ್ಲೆ ಒಡೆಯುವ ಆಟವೇ. ಈ ಚರ್ಚೆಯಲ್ಲಿ ಎಲ್ಲರೂ ಬಂದೂಕಿನ ಬಗ್ಗೆ ಬರೆದಿದ್ದಾರೆ, ಹೊಡೆಯುವವರ ಬಗ್ಗೆ ಯಾರೂ ಬರೆದಿಲ್ಲ.

ಅಣ್ಣ, ನಿಮ್ಮ ಮುಖ್ಯ ಕಣ್ಣು ಯಾವುದು ಅಂತ ಕೋಚ್ ನೋಡಿದ್ರಾ? ಈಗಲೇ ನೋಡಿಕೊಳ್ಳಿ. ಎರಡೂ ಕಣ್ಣು ತೆರೆದು, ದೂರದ ಮೊಬೈಲ್ ಟವರಿಗೆ ಹೆಬ್ಬೆರಳು ಹಿಡಿಯಿರಿ. ಎಡಗಣ್ಣು ಮುಚ್ಚಿ. ಬೆರಳು ಟವರಿನ ಮೇಲೇ ಇದ್ದರೆ ಬಲಗಣ್ಣು ಮುಖ್ಯ. ಪಕ್ಕಕ್ಕೆ ಜಿಗಿದರೆ ಎಡಗಣ್ಣು. ನನ್ನದು ಬಲಗೈ, ಎಡಗಣ್ಣು. ಮೊದಲ ಎರಡು ತಿಂಗಳು 25ಕ್ಕೆ 11 ದಾಟಲೇ ಇಲ್ಲ. ಬಂದೂಕು ಸರಿಯಿಲ್ಲ ಅಂತ ಮೂರು ಬಂದೂಕು ಬದಲಿಸಿದೆ. ಕೊನೆಗೆ ಕೋಚ್ ಕನ್ನಡಕದ ಎಡ ಗಾಜಿಗೆ ಉಗುರಿನಷ್ಟು ಸೆಲ್ಲೋಟೇಪ್ ಅಂಟಿಸಿದರು. ಅವತ್ತೇ 17. ಟೇಪಿನ ಬೆಲೆ ಹತ್ತು ರೂಪಾಯಿ.

ಎರಡನೆಯದು, ಅಳತೆ. ಬೇರೆಯವರ ಚಪ್ಪಲಿ ಹಾಕಿಕೊಂಡು ಓಡಿದ ಹಾಗೆ ಆಗಬಾರದು. ಖಾಲಿ ಬಂದೂಕು, ಕಣ್ಣು ಮುಚ್ಚಿ ಭುಜಕ್ಕೇರಿಸಿ, ಕೆನ್ನೆ ಕಟ್ಟಿಗೆಗೆ ಒರಗಿಸಿ, ಆಮೇಲೆ ಕಣ್ಣು ತೆರೆಯಿರಿ. ತುದಿಯ ಮಣಿ ನೇರ ಕಾಣಬೇಕು. ಬರೀ ಲಿವರಿನ ಹಿಂಭಾಗ ಕಂಡರೆ ಕೆನ್ನೆ ತಗ್ಗಿದೆ, ನಳಿಗೆಯ ಮೇಲ್ಭಾಗ ರಸ್ತೆಯ ಹಾಗೆ ಉದ್ದಕ್ಕೂ ಕಂಡರೆ ಕೆನ್ನೆ ಎತ್ತರ ಆಯ್ತು. ಕಟ್ಟಿಗೆ ಉದ್ದ ಆದರೆ ಕೊಯ್ಯಬಹುದು, ಗಿಡ್ಡ ಆದರೆ ಹಿಂದೆ ರಬ್ಬರ್ ಸೇರಿಸಬಹುದು. ಇವೆಲ್ಲ ಕೊಳ್ಳುವ ಮೊದಲು.

ಮೂರನೆಯದಕ್ಕೆ ಕಾಕಾ ಕೂಡ ಕಿವಿ ಕೊಡಲಿ. ಲೈಸೆನ್ಸ್ ಎಲ್ಲಿವರೆಗೆ ನಡೆಯುತ್ತದೆ ಅಂತ ಪುಸ್ತಕದಲ್ಲಿ ಬರೆದಿರುತ್ತದೆ. ಬರೀ ಕರ್ನಾಟಕ ಅಂತ ಇದ್ದರೆ, ಶಕ್ತಿನಗರ ಬಿಟ್ಟು ಕೃಷ್ಣಾ ಸೇತುವೆ ದಾಟಿದ ಕೂಡಲೇ ನಿಮ್ಮ ಬಂದೂಕು ಅಕ್ರಮ. ನಮ್ಮ ರಾಯಚೂರು ಕಡೆಯವರಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ ಅಲ್ವಾ. ಗಚ್ಚಿಬೌಲಿಯ ಸರ್ಕಾರಿ ರೇಂಜಿನಲ್ಲಿ ಟ್ರ್ಯಾಪ್, ಸ್ಕೀಟ್ ಎರಡೂ ಇವೆ. ಹಾಗಾಗಿ ಅರ್ಜಿ ಹಾಕುವಾಗಲೇ ಇಡೀ ದೇಶಕ್ಕೆ ಅಂತ ಕೇಳಿ, ಕಾರಣಕ್ಕೆ ಕ್ಲಬ್ಬಿನ ಪತ್ರ ಇಡಿ.

ಮತ್ತೆ, ಕಿವಿಗೆ ಮಫ್ಸ್, ಕಣ್ಣಿಗೆ ಕನ್ನಡಕ. ಮೂರು ಲಕ್ಷದಲ್ಲಿ ಇವು ಮೊದಲು.

ಗೊಬ್ಬರದಂಗಡಿ, ಸಿಂಧನೂರು

ಎಲ್ಲರಿಗೂ ದೊಡ್ಡ ನಮಸ್ಕಾರ. ಹೆಬ್ಬೆರಳು ಹಿಡಿದು ನೋಡಿದೆ. ಜಿಗಿಯಿತು! ಇಬ್ಬರು ಗಿರಾಕಿಗಳು ನನಗೇನಾಯಿತು ಅಂತ ನೋಡುತ್ತಿದ್ದರು. ಅವರಿಗೂ ಮಾಡಿಸಿದೆ.

ಕಾಕಾ, ನಿಮ್ಮ ಮಾತು ಚುಚ್ಚಿತು. ನಿನ್ನೆ ರಾತ್ರಿ ಊಟ ಆದ ಮೇಲೆ ಅಪ್ಪನಿಗೆ ಹೇಳಿದೆ. ಅವರು ಏನೂ ಮಾತಾಡಲಿಲ್ಲ. ಎದ್ದು ಹೋಗಿ ತಿಜೋರಿ ತೆಗೆದು, ಬಂದೂಕು ತಂದು, ಮುರಿದು ಖಾಲಿ ಇದೆ ಅಂತ ನನಗೆ ತೋರಿಸಿ, ಹಳೇ ಪಂಚೆ ಹಾಸಿ ಅದರ ಮೇಲೆ ಇಟ್ಟರು. ನಳಿಗೆ ತಾವೇ ಬಿಚ್ಚಿದರು. ನಾನು ಕೈ ಹಾಕಲು ಹೋದರೆ "ಇರು" ಅಂದರು. ಆಯುಧಪೂಜೆಯ ಕುಂಕುಮ ಇನ್ನೂ ಲಿವರಿನ ಸಂದಿಯಲ್ಲಿ ಇತ್ತು. ಹಲ್ಲುಜ್ಜುವ ಬ್ರಷ್‌ನಿಂದ ಅದನ್ನು ತೆಗೆದು, ಕೊಬ್ಬರಿ ಎಣ್ಣೆ ಅಲ್ಲ, ಹೊಲಿಗೆ ಮಷಿನ್ ಎಣ್ಣೆ ಒಂದೇ ಒಂದು ಹನಿ. ನಾನು ಮೊಬೈಲ್ ಟಾರ್ಚ್ ಹಿಡಿದಿದ್ದೆ. ತಳದಲ್ಲಿ ಮುದ್ರೆ ಸವೆದಿದೆ, ಆದರೆ ಓದಬಹುದು. 65.

"ಗೊತ್ತು" ಅಂದರು ಅಪ್ಪ. ಪೆಟ್ಟಿಗೆಯ ಮುಚ್ಚಳದ ಒಳಗೆ ಪೆನ್ಸಿಲ್‌ನಲ್ಲಿ ಅದೇ ಬರೆದಿತ್ತು, ಅವರದೇ ಕೈಬರಹ. ಲಿವರ್ ಇನ್ನೂ ಬಲಕ್ಕೇ ಇದೆ. ನಲವತ್ತು ವರ್ಷದಲ್ಲಿ ಎಷ್ಟು ಹಾರಿಸಿದ್ದೀರಿ ಅಂತ ಕೇಳಿದೆ. ಹನ್ನೊಂದು ಅಂದರು. ಒಂದೂ ಹಂದಿಗೆ ತಗುಲಿಲ್ಲವಂತೆ, ಎಲ್ಲ ಸದ್ದಿಗೆ.

ಈಗ ಪ್ರಶ್ನೆ: 65ರ ಕಾಡತೂಸು ಬಿಲ್ಲೆಗೆ ಸಾಕಾಗುತ್ತಾ?

ಕೌಲ್ ಬಜಾರ್ ಕಾಕಾ

ಧಾರಾಳ ಸಾಕು. ಒಲಿಂಪಿಕ್‌ನವರೇ 24 ಗ್ರಾಂ ಚರೆಗಿಂತ ಹೆಚ್ಚು ಹಾಕುವ ಹಾಗಿಲ್ಲ. ಅಷ್ಟನ್ನು 65ರಲ್ಲೂ ತುಂಬಬಹುದು. ಸಣ್ಣ ಚರೆಯದು ಕೇಳು, 7 ಅಥವಾ 8. ಎಲ್‌ಜಿ, ಎಸ್‌ಜಿ ಅಂತ ದಪ್ಪನೆಯದು ಕೊಟ್ಟರೆ ತಗೊಳ್ಳಬೇಡ, ಅವು ರೇಂಜಿನಲ್ಲಿ ನಡೆಯಲ್ಲ. ಮೊದಲು ಒಬ್ಬ ಒಳ್ಳೆ ಬಂದೂಕು ರಿಪೇರಿಯವರಿಗೆ ತೋರಿಸು, ನಲವತ್ತು ವರ್ಷದ ಸ್ಪ್ರಿಂಗ್ ಅದು. ತೋರಿಸಲು ಅಪ್ಪಾಜಿಯನ್ನೇ ಕರೆದುಕೊಂಡು ಹೋಗು, ಲೈಸೆನ್ಸ್ ಇನ್ನೂ ಅವರ ಹೆಸರಿನಲ್ಲೇ ಇದೆ.

ಹಲ್ಲುಜ್ಜುವ ಬ್ರಷ್ ಯಾರದು ಅಂತ ಮಾತ್ರ ಬೆಳಿಗ್ಗೆ ನೋಡಿಕೊ.

ಗೊಬ್ಬರದಂಗಡಿ, ಸಿಂಧನೂರು

ನನ್ನದೇ ಕಾಕಾ.